ಮುಖ್ಯ ತಂಡಕ್ಕೂ ಮುನ್ನ ಮೂವತ್ತು ನಿಮಿಷ: ಹಾಸನದಿಂದ ಚಿಕ್ಕಮಗಳೂರಿಗೆ

ಗುರುವಾರ, ಹಾಸನ

ಚಿಕ್ಕಮಗಳೂರಿನ ಆಯೋಜಕರು ಕಳುಹಿಸಿದ್ದ ಕಾರ್ಯಕ್ರಮ ಪಟ್ಟಿಯಲ್ಲಿ ನಮಗೆ ಸಂಬಂಧಿಸಿದ್ದು ಒಂದೇ ಸಾಲು: ಶನಿವಾರ ಸಂಜೆ ಆರೂವರೆಗೆ ಸ್ಥಳೀಯ ತಂಡ, ಮೂವತ್ತು ನಿಮಿಷ. ಅದರ ಕೆಳಗಿನ ಸಾಲಿನಲ್ಲಿ ಬೆಂಗಳೂರಿನ ಆ ರಾಕ್ ತಂಡದ ಹೆಸರಿತ್ತು. ನಾವು ನಾಲ್ವರೂ ಕಾಲೇಜಿನ ದಿನಗಳಿಂದ ಕೇಳುತ್ತ ಬಂದ ತಂಡ ಅದು; ಗಿಟಾರು ಎಷ್ಟೇ ಅಬ್ಬರಿಸಿದರೂ ಕನ್ನಡದ ಒಂದೊಂದು ಅಕ್ಷರವನ್ನೂ ಕೇಳುಗನ ಕಿವಿಗೆ ಮುಟ್ಟಿಸಬಹುದು ಎಂಬುದನ್ನು ನಮಗೆ ಮೊದಲು ತೋರಿಸಿಕೊಟ್ಟವರು ಅವರು. ತಂಡದ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ವೇದಿಕೆಯ ಹಿಂದೆ ಅವರು ವಿಶ್ವಾಸದಿಂದ ಆಡಿದ ಮಾತುಗಳನ್ನು ಹೆಸರು ಹಾಕಿ ಊರಿಗೆಲ್ಲ ಹಂಚುವುದು ಸೌಜನ್ಯವಲ್ಲವೆಂದು ನನ್ನ ಭಾವನೆ.

ನಮ್ಮ ಅಭ್ಯಾಸ ನಡೆಯುವುದು ಊರಾಚೆಯ ಹಳೆಯ ಆಲೂಗಡ್ಡೆ ಗೋದಾಮಿನಲ್ಲಿ. ಗೋಡೆಗಳಿಗೆ ಗೋಣಿತಟ್ಟು ಹೊಡೆದಿದ್ದೇವೆ. ಗೋಣಿತಟ್ಟು ಸಿಂಬಲ್ಲಿನ, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆಯ, ತೀಕ್ಷ್ಣವಾದ ಸದ್ದನ್ನು ಹೀರಿಕೊಳ್ಳುತ್ತದೆಯೇ ಹೊರತು ಬೇಸ್ ಗಿಟಾರಿನ ಮಂದ್ರವನ್ನು ಹೀರಲಾರದು; ಆದ್ದರಿಂದ ಆ ಕೊಠಡಿಯಲ್ಲಿ ಬೇಸ್ ಯಾವಾಗಲೂ ದಪ್ಪವಾಗಿಯೂ ಸಿಂಬಲ್ ಯಾವಾಗಲೂ ಮಂಕಾಗಿಯೂ ಕೇಳಿಸುತ್ತದೆ. ಡ್ರಮ್ಸ್ ನುಡಿಸುವವನು ನಾನಾದ್ದರಿಂದ ಈ ಸಂಗತಿ ಮುಂದೆ ಶನಿವಾರದಂದು ನನಗೆ ಬಹಳ ಮುಖ್ಯವಾಯಿತು.

ಗುರುವಾರದ ರಾತ್ರಿಯ ಬಹುಭಾಗ ಹಾಡುಗಳನ್ನು ಆರಿಸುವುದರಲ್ಲೇ ಕಳೆಯಿತು. ಜನ ಕಾಯುತ್ತಿರುವುದು ಬೇರೆಯವರಿಗಾಗಿ ಎಂದು ತಿಳಿದೂ ಅವರ ಮುಂದೆ ನಿಲ್ಲುವ ಕೆಲಸ ಸುಲಭದ್ದಲ್ಲ. 1967ರಲ್ಲಿ ಅಮೆರಿಕದಲ್ಲಿ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರು ಮಂಕೀಸ್ ಎಂಬ ಪಾಪ್ ತಂಡಕ್ಕೂ ಮುನ್ನ ನುಡಿಸಿದಾಗ, ಎಳೆಯ ಪ್ರೇಕ್ಷಕರು ಅವರ ಹಾಡಿನ ನಡುವೆಯೇ ಮಂಕೀಸ್‌ಗಾಗಿ ಕೂಗುತ್ತಿದ್ದರು. ಕೆಲವೇ ಪ್ರದರ್ಶನಗಳ ನಂತರ ಅವರು ಆ ಪ್ರವಾಸವನ್ನೇ ಬಿಟ್ಟು ಹೊರಟರು. ಅಂಥ ವಾದಕನಿಗೇ ಹಾಗಾಗಿತ್ತು ಎಂಬುದನ್ನು ನೆನೆದರೆ ಮುನ್ನ ನುಡಿಸುವವರಿಗೆ ಪ್ರತಿಭೆಯೊಂದೇ ಸಾಲದು, ಹೊಂದಾಣಿಕೆಯೂ ಬೇಕು ಎಂದು ಅರ್ಥವಾಗುತ್ತದೆ. ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡವಾದ ಐರನ್ ಮೇಡನ್‌ಗೂ ಮುನ್ನ ದೆಹಲಿಯ ಪರಿಕ್ರಮ ತಂಡ ನುಡಿಸಿತು. 2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನಕ್ಕೆ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ಬಂದಾಗ ಮುನ್ನ ನುಡಿಸಿದವರಲ್ಲಿ ಬೆಂಗಳೂರಿನವರೇ ಆದ ಇನ್ನರ್ ಸ್ಯಾಂಕ್ಟಮ್ ತಂಡವೂ ಇತ್ತು. ಎರಡೂ ತಂಡಗಳು ಮುಖ್ಯ ತಂಡದ ಅಭಿರುಚಿಗೆ ಹತ್ತಿರವಿದ್ದೂ ತಮ್ಮದೇ ಹಾಡುಗಳನ್ನು ಹೊಂದಿದ್ದ ತಂಡಗಳು.

ಶನಿವಾರದ ಮುಖ್ಯ ತಂಡದ ಹಾಡೊಂದನ್ನು ಗೌರವಾರ್ಥವಾಗಿ ಹಾಡೋಣವೆಂದು ನಮ್ಮ ಗಿಟಾರ್ ವಾದಕ ಹೇಳಿದ. ಉದ್ದೇಶ ಒಳ್ಳೆಯದೇ, ಆದರೆ ನಾನು ಒಪ್ಪಲಿಲ್ಲ. ಅವರ ಹಾಡನ್ನು ಕೇಳಲೆಂದೇ ಕಡೂರು, ತರೀಕೆರೆ, ಮೂಡಿಗೆರೆಗಳಿಂದ ಬಂದ ಜನರಿಗೆ ಅದೇ ಹಾಡನ್ನು ಮೊದಲೇ ನಾವು ಕೇಳಿಸಿದರೆ ಅವರ ಸಂತೋಷದ ಒಂದು ಭಾಗವನ್ನು ಕಸಿದುಕೊಂಡಂತೆ. ಗೌರವವೆಂದರೆ ನಮ್ಮಲ್ಲಿರುವ ಅತ್ಯುತ್ತಮವಾದ ಸ್ವಂತ ಹಾಡನ್ನು ಅವರ ವೇದಿಕೆಯ ಮೇಲಿಡುವುದು ಎಂದೆ. ಕೊನೆಗೆ ಐದೂ ನಮ್ಮವೇ ಆದ ಹಾಡುಗಳೆಂದು ನಿಶ್ಚಯವಾಯಿತು.

ಕೊನೆಯ ಹಾಡು ಶೆಟ್ಟಿಹಳ್ಳಿಯದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದ ಮೇಲೆ ಹಿನ್ನೀರಿನ ಪಾಲಾದ, 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದ ಆ ಚರ್ಚನ್ನು ಹಾಸನದವರೆಲ್ಲರೂ ಬಲ್ಲರು. ಮಳೆಗಾಲದಲ್ಲಿ ನೀರು ಏರಿ ಗೋಡೆಗಳನ್ನು ಮುಳುಗಿಸುತ್ತದೆ, ಬೇಸಿಗೆಯಲ್ಲಿ ಇಳಿದು ಬುಡವನ್ನು ತೋರಿಸುತ್ತದೆ. ಪ್ರವಾಸಿಗರು ಆ ಗೋಡೆಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಹೊಲ ಮನೆ ಬಿಟ್ಟು ಎದ್ದುಹೋದ ಜನರ ಬಗ್ಗೆ ಕೇಳುವವರು ಕಡಿಮೆ. ನಮ್ಮ ಗಾಯಕಿಯ ತಾಯಿಯ ಕಡೆಯವರು ಹಾಗೆ ಎದ್ದು ಬಂದವರು, ಹಾಡನ್ನು ಬರೆದವಳೂ ಆಕೆಯೇ. ಅದನ್ನು ನಾವು ಮಿಶ್ರಚಾಪಿನಲ್ಲಿ, ಅಂದರೆ ಮೂರು ಮತ್ತು ನಾಲ್ಕು ಸೇರಿದ ಏಳಕ್ಷರದ ನಡೆಯಲ್ಲಿ ಕಟ್ಟಿದ್ದೇವೆ. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಏಳರಲ್ಲಿ ಒಂದು ಹೆಜ್ಜೆ ಸದಾ ಮುಂದೆ ಬಿದ್ದಂತೆ ಭಾಸವಾಗುತ್ತದೆ. ನೀರು ಏರುವ ಆತಂಕಕ್ಕೆ ಅದು ತಕ್ಕುದಾಗಿದೆ.

ಮಲಗುವ ಮುನ್ನ ಎರಡು ಕಾಗದಗಳನ್ನು ಸಿದ್ಧಪಡಿಸಿ ಧ್ವನಿ ತಂತ್ರಜ್ಞರಿಗೆ ಕಳುಹಿಸಿದೆ. ಒಂದು, ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ನಕ್ಷೆ. ಇನ್ನೊಂದು, ಯಾವ ವಾದ್ಯಕ್ಕೆ ಯಾವ ಮೈಕ್, ಯಾವ ಚಾನೆಲ್ ಎಂಬ ಪಟ್ಟಿ. ಸಣ್ಣ ಊರಿನ ತಂಡಗಳು ಇದನ್ನು ಕಡೆಗಣಿಸುತ್ತವೆ. ನನ್ನ ಅನುಭವದಲ್ಲಿ ಆ ಎರಡು ಕಾಗದಗಳು ಸರಿಯಾಗಿದ್ದರೆ ತಂತ್ರಜ್ಞರು ನಮ್ಮ ಮುಖ ನೋಡುವ ಮೊದಲೇ ನಮ್ಮನ್ನು ನಂಬಲು ತೊಡಗುತ್ತಾರೆ.

ಶುಕ್ರವಾರ, ಬೇಲೂರಿನ ದಾರಿ

ಬೆಳಿಗ್ಗೆ ಪಿಕಪ್ ವಾಹನದಲ್ಲಿ ಸಾಮಾನು, ಹಿಂದಿನ ಕಾರಿನಲ್ಲಿ ನಾವು. ಡ್ರಮ್ ಸೆಟ್ಟನ್ನು ಆಯೋಜಕರು ಬಾಡಿಗೆಗೆ ತರಿಸುತ್ತಿದ್ದುದರಿಂದ ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಟಾಮ್ ಎಂಬ ಡ್ರಮ್‌ಗಳನ್ನು ಒಯ್ಯುವ ಅಗತ್ಯವಿರಲಿಲ್ಲ. ಒಂದೇ ಸೆಟ್ಟಿನ ಮೇಲೆ ಇಬ್ಬರು ವಾದಕರು ನುಡಿಸುವಾಗ ಸ್ನೇರ್ ಎಂಬ ಚಿಕ್ಕ ಡ್ರಮ್, ಸಿಂಬಲ್‌ಗಳು, ಕಿಕ್ ಪೆಡಲ್ ಮತ್ತು ಕುಳಿತುಕೊಳ್ಳುವ ಸ್ಟೂಲನ್ನು ಪ್ರತಿಯೊಬ್ಬರೂ ತಮ್ಮದೇ ತರುವುದು ಪದ್ಧತಿ. ಇವು ಬೇಗ ಒಡೆಯುವ, ಸವೆಯುವ ವಸ್ತುಗಳಾದ್ದರಿಂದ ಇನ್ನೊಬ್ಬರದನ್ನು ಕೇಳುವುದು ಸಭ್ಯತೆಯಲ್ಲ. ಸಿಂಬಲ್‌ಗಳ ನಡುವೆ ಹಳೆಯ ಪಂಚೆಯ ತುಂಡುಗಳನ್ನಿಟ್ಟು ಸುತ್ತಿ, ಟಾರ್ಪಾಲಿನ ಕೆಳಗಿರಿಸಿದೆವು.

ಹಾಸನದಿಂದ ಬೇಲೂರಿಗೆ ಸುಮಾರು ನಲವತ್ತು ಕಿಲೋಮೀಟರು, ಅಲ್ಲಿಂದ ಚಿಕ್ಕಮಗಳೂರಿಗೆ ಇಪ್ಪತ್ತೈದರಷ್ಟು. ಫೆಬ್ರವರಿಯ ಬಿಸಿಲು ಇನ್ನೂ ಹದವಾಗಿತ್ತು. ಬೇಲೂರಿನಲ್ಲಿ ಚಹಾಕ್ಕೆಂದು ನಿಲ್ಲಿಸಿದವರು ಚೆನ್ನಕೇಶವನ ಗುಡಿಗೂ ಹೋಗಿಬಂದೆವು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಮದನಿಕೆಯರನ್ನು ಬಾಲ್ಯದಿಂದ ನೋಡುತ್ತಲೇ ಬಂದಿದ್ದರೂ, ಈ ಸಲ ನನ್ನ ಕಣ್ಣು ಹೋದದ್ದು ನರ್ತಿಸುವ ಮದನಿಕೆಯರ ಪಾದದ ಬಳಿ ಮೃದಂಗ, ತಾಳ ಹಿಡಿದು ನಿಂತ ಪುಟ್ಟ ಪುಟ್ಟ ವಾದಕರ ಕಡೆಗೆ. ಗೇಣಿನಷ್ಟೂ ಎತ್ತರವಿಲ್ಲದ ಆ ಆಕೃತಿಗಳ ಮಣಿಕಟ್ಟಿನ ಬಾಗು, ಬೆರಳಿನ ಒತ್ತು ಎರಡನ್ನೂ ಶಿಲ್ಪಿ ನಾಯಿಕೆಯ ಮುಖಕ್ಕೆ ಕೊಟ್ಟಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾನೆ. ಬೇಸ್ ವಾದಕನೂ ನಾನೂ ಅಲ್ಲಿ ಬಹಳ ಹೊತ್ತು ನಿಂತೆವು. ಉಳಿದಿಬ್ಬರು ಹೊರಗೆ ಕಾರಿನ ಬಳಿ ಕಾಯುತ್ತಿದ್ದರು.

ಮಧ್ಯಾಹ್ನ ಚಿಕ್ಕಮಗಳೂರು ಸೇರಿ, ವಸತಿಗೃಹದಲ್ಲಿ ಸಾಮಾನಿಳಿಸಿ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಮೈದಾನಕ್ಕೆ ನಡೆದೆವು. ಮುಳ್ಳಯ್ಯನಗಿರಿಯ ಸಾಲು ಉತ್ತರಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ವೇದಿಕೆಯ ಕಬ್ಬಿಣದ ಕಂಬಗಳು ಎದ್ದಿದ್ದವು, ಸ್ಪೀಕರ್‌ಗಳು ಇನ್ನೂ ಲಾರಿಯಲ್ಲೇ ಇದ್ದವು. ಧ್ವನಿಯ ಹೊಣೆ ಹೊತ್ತಿದ್ದವರು ಐವತ್ತು ದಾಟಿದ ಅನುಭವಿ. ನಾವೆಲ್ಲರೂ ಅವರನ್ನು ಅಣ್ಣ ಎಂದೇ ಕರೆದೆವು. ನಮ್ಮ ಪಟ್ಟಿಯ ಮುದ್ರಿತ ಪ್ರತಿ ಅವರ ಕೈಯಲ್ಲಿತ್ತು.

ಅವರೊಡನೆ ಮೈದಾನದ ಉದ್ದಕ್ಕೂ ನಡೆದಾಗ ಕಲಿತದ್ದು ಬಹಳ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ ವೇದಿಕೆಯಿಂದ 34 ಮೀಟರ್ ದೂರ ನಿಂತವನಿಗೆ ನನ್ನ ಏಟು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಮೈದಾನದ ನಡುವೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ ಅವು ಅಷ್ಟೇ ತಡೆದು ಸದ್ದು ಮಾಡಬೇಕು, ಇಲ್ಲದಿದ್ದರೆ ಹಿಂದೆ ನಿಂತವರಿಗೆ ಪ್ರತಿ ಏಟೂ ಎರಡೆರಡಾಗಿ ಕೇಳುತ್ತದೆ. ಇನ್ನೊಂದು ಸಂಗತಿ ಮಲೆನಾಡಿಗೆ ವಿಶೇಷವಾಗಿ ಸಲ್ಲುವಂಥದ್ದು. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ, ಕೆಳಗಿನ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಆಗ ಶಬ್ದ ಮೇಲಕ್ಕೆ ಹರಡಿಹೋಗದೆ ನೆಲದ ಕಡೆಗೆ ಬಾಗಿ ದೂರದ ಮನೆಗಳವರೆಗೂ ತಲುಪುತ್ತದೆ. "ಹಗಲಿನಲ್ಲಿ ಪಕ್ಕದ ರಸ್ತೆಗೆ ಕೇಳದ ಬೇಸು ರಾತ್ರಿ ಒಂಬತ್ತಕ್ಕೆ ಆ ತೋಟದ ಕೂಲಿಮನೆಗಳ ಲೈನಿನವರೆಗೂ ಹೋಗುತ್ತದೆ ಕಣಪ್ಪ, ಅಲ್ಲಿ ಬೆಳಗಾದರೆ ಕೆಲಸಕ್ಕೆ ಏಳುವವರು ಮಲಗಿರುತ್ತಾರೆ," ಎಂದರು ಅಣ್ಣ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆದ್ದರಿಂದ ನಾವು ಐದು ನಿಮಿಷ ಹೆಚ್ಚು ತೆಗೆದುಕೊಂಡರೆ ಆ ಐದು ನಿಮಿಷ ಮುಖ್ಯ ತಂಡದ ಕೊನೆಯ ಹಾಡಿನಿಂದಲೇ ಕಳೆಯುತ್ತದೆ. ಮುನ್ನ ನುಡಿಸುವವರ ಸಮಯಪಾಲನೆಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಸಂಜೆ ಜನರೇಟರ್ ಚಾಲೂ ಆದ ಮೇಲೆ ಅಣ್ಣ ಟೆಸ್ಟರ್ ಹಿಡಿದು ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ನಡುವೆ ಪರೀಕ್ಷಿಸಿದರು. ಇರಬಾರದ ವೋಲ್ಟೇಜ್ ಅಲ್ಲಿತ್ತು. ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ಗಿಟಾರ್ ನುಡಿಸುತ್ತ ಹಾಡುವವರ ಕೈ ತಂತಿಯ ಮೇಲೂ ತುಟಿ ಮೈಕಿನ ಮೇಲೂ ಇರುತ್ತದೆ. ವಿದ್ಯುತ್ತಿಗೆ ಅವರ ದೇಹವೇ ದಾರಿಯಾಗುತ್ತದೆ. ಪ್ರಾಣ ಹೋಗಬಹುದಾದ ವಿಷಯವಿದು. ನಮ್ಮ ಊರುಗಳ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಗಾಯಕರು ಮೈಕಿಗೆ ಬಟ್ಟೆ ಸುತ್ತಿಕೊಂಡು ಹಾಡುವುದನ್ನು ನಾನು ನೋಡಿದ್ದೇನೆ. ಅದು ಪರಿಹಾರವಲ್ಲ. ಅಣ್ಣ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರೀಷಿಯನ್ನರನ್ನು ಕರೆಸಿ, ವೇದಿಕೆಯ ಹಿಂದೆ ಹೊಸ ಗುಂಡಿ ತೋಡಿಸಿ, ತಾಮ್ರದ ಸರಳು ನೆಡಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿ ಕೊಡಗಟ್ಟಲೆ ನೀರು ಹೊಯ್ಯಿಸಿದರು. ನೀರು ಹೊತ್ತವರಲ್ಲಿ ನಾವೂ ಇದ್ದೆವು. ಮತ್ತೆ ಅಳೆದಾಗ ಟೆಸ್ಟರಿನ ದೀಪ ಹತ್ತಲಿಲ್ಲ. ವೇದಿಕೆ ಹತ್ತುವ ಪ್ರತಿಯೊಂದು ಎಳೆಯ ತಂಡವೂ ಹಾಡಿನ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅರ್ಥಿಂಗ್ ಆಗಿದೆಯೇ ಎಂಬುದು.

ಶನಿವಾರ, ಮೈದಾನ

ಧ್ವನಿ ಪರೀಕ್ಷೆಯ ಕ್ರಮ ಕಾರ್ಯಕ್ರಮದ ಕ್ರಮಕ್ಕೆ ತಿರುಗುಮುರುಗು. ಕೊನೆಗೆ ನುಡಿಸುವ ಮುಖ್ಯ ತಂಡ ಮೊದಲು ಪರೀಕ್ಷೆ ಮಾಡುತ್ತದೆ, ಮೊದಲು ನುಡಿಸುವ ನಾವು ಕೊನೆಗೆ. ಹಾಗೆ ಮಾಡಿದರೆ ನಮ್ಮ ವಾದ್ಯಗಳು ಇಟ್ಟಲ್ಲೇ ಇದ್ದು ಕಾರ್ಯಕ್ರಮ ನೇರವಾಗಿ ಆರಂಭವಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಅವರು ಬಂದರು. ಆಯೋಜಕರು ಪರಿಚಯಿಸುವ ಮೊದಲೇ ಅವರ ಗಾಯಕರು ನಮ್ಮ ಬಳಿ ಬಂದು, ಹಾಸನದಲ್ಲಿ ಎಲ್ಲಿಯವರು, ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದರು. ನಾನು ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತ, ಬೇಸ್ ವಾದಕ ಪ್ರೌಢಶಾಲೆಯ ಶಿಕ್ಷಕ ಎಂದು ಕೇಳಿ ಅವರಿಗೆ ಸಂತೋಷವಾಯಿತು.

ಮೈದಾನದ ನಡುವೆ ನಿಂತು ಅವರ ಪರೀಕ್ಷೆಯನ್ನು ಪೂರ್ತಿಯಾಗಿ ಕೇಳಿದೆ. ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅವರು ವೇದಿಕೆಯ ಮೇಲೆ ಎಷ್ಟು ಮೆಲ್ಲಗೆ ನುಡಿಸುತ್ತಾರೆ ಎಂಬುದು. ಧ್ವನಿಮುದ್ರಿಕೆಯಲ್ಲಿ ಎದೆ ನಡುಗಿಸುವ ಗಿಟಾರಿನ ಆಂಪ್ಲಿಫೈಯರ್ ಮೊಣಕಾಲಿನಷ್ಟು ಎತ್ತರದ್ದು. ಅದನ್ನೂ ಜನರ ಕಡೆಗಲ್ಲದೆ ವಾದಕರ ಕಿವಿಯ ಕಡೆಗೆ ಓರೆಯಾಗಿ ತಿರುಗಿಸಿದ್ದರು. ಗಾಯಕರು ಮಾನಿಟರಿನಲ್ಲಿ, ಅಂದರೆ ವೇದಿಕೆಯ ಮೇಲಿನವರಿಗೆಂದೇ ಇಟ್ಟ ಸ್ಪೀಕರಿನಲ್ಲಿ, ತಮ್ಮ ಧ್ವನಿಯನ್ನು ಏರಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಉಳಿದದ್ದನ್ನು ಇಳಿಸಿ ಎಂದರು. ಸದ್ದನ್ನು ದೊಡ್ಡದು ಮಾಡುವ ಕೆಲಸವನ್ನು ಅಣ್ಣನಿಗೆ ಬಿಟ್ಟು ಅವರು ಬರೀ ಸಮತೋಲವನ್ನು ಕಾಯುತ್ತಿದ್ದರು.

ಆಮೇಲೆ ಅವರ ಡ್ರಮ್ಸ್ ವಾದಕರ ಕೈಯನ್ನು ಗಮನಿಸತೊಡಗಿದೆ. ಪಲ್ಲವಿ ಎತ್ತಿಕೊಂಡ ಕೂಡಲೇ ರಾಕ್ ವಾದಕರಲ್ಲಿ ಬಹುಪಾಲು ಜನ ದೊಡ್ಡ ಸಿಂಬಲ್ಲಿಗೆ ಹೋಗುತ್ತಾರೆ, ಹಾಡಿಗೆ ಬಿಸಿ ಬರುವುದು ಅದರಿಂದಲೇ ಎಂಬ ನಂಬಿಕೆ ನಮಗೆಲ್ಲ ಇದೆ. ಅವರು ಸಾಹಿತ್ಯ ಬರುವ ಕಡೆಯಲ್ಲೆಲ್ಲ ಹೈ-ಹ್ಯಾಟನ್ನು, ಅಂದರೆ ಪಾದದಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ಲನ್ನು, ಬಿಗಿಯಾಗಿ ಮುಚ್ಚಿ, ಬಲವನ್ನು ಕಿಕ್ ಮತ್ತು ಸ್ನೇರ್‌ಗೆ ಇಳಿಸುತ್ತಿದ್ದರು. ಸಾಲು ಮುಗಿದ ಕ್ಷಣದಲ್ಲಿ ಸಿಂಬಲ್ ತೆರೆದುಕೊಳ್ಳುತ್ತಿತ್ತು. ಗಿಟಾರ್ ವಾದಕರೂ ಮಾತಿನ ಮೇಲೆ ಮೇಲುಸ್ಥಾಯಿಯ ತಂತಿಗಳನ್ನು ಮುಟ್ಟುತ್ತಿರಲಿಲ್ಲ. ಕಾಲೇಜಿನ ದಿನಗಳಿಂದ ನಾವು ಆ ಗಾಯಕರ ಉಚ್ಚಾರಣೆ ಎಷ್ಟು ಸ್ಪಷ್ಟ ಎಂದು ಹೊಗಳಿಕೊಂಡು ಬಂದಿದ್ದೆವು. ಉಚ್ಚಾರಣೆ ಸ್ಪಷ್ಟವಾದುದೇ, ಆದರೆ ಅದಕ್ಕೆ ಜಾಗ ಬಿಡಿಸಿಕೊಟ್ಟು ಕಾಯುತ್ತಿದ್ದವರು ಹಿಂದೆ ಕುಳಿತವರು ಎಂಬುದು ಧ್ವನಿಮುದ್ರಿಕೆಯಿಂದ ತಿಳಿಯುವಂತಿರಲಿಲ್ಲ.

ಪರೀಕ್ಷೆ ಮುಗಿಸಿ ಆ ಡ್ರಮ್ಸ್ ವಾದಕರು ಕೆಳಗಿಳಿದಾಗ ಇದನ್ನೇ ಕೇಳಿದೆ. ಅವರು ಅಲ್ಲೇ ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತು, ನನ್ನನ್ನೂ ಕೂರಿಸಿಕೊಂಡು, ಸಮಾಧಾನವಾಗಿ ವಿವರಿಸಿದರು. ಮಾತಿನಲ್ಲಿ ಸ್ವರಾಕ್ಷರಗಳು ಬಲವನ್ನು ಕೊಡುತ್ತವೆ, ಅರ್ಥವನ್ನು ಬೇರೆ ಮಾಡಿ ತೋರಿಸುವವು ವ್ಯಂಜನಗಳು. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಸಿಂಬಲ್ಲಿನ ಮೊಳಗು, ಒರಟುಗೊಳಿಸಿದ ಗಿಟಾರಿನ ಗರಗರ ಎರಡೂ ಅದೇ ಪ್ರದೇಶವನ್ನು ತುಂಬುತ್ತವೆ. ತಕಾರಕ್ಕೂ ಟಕಾರಕ್ಕೂ, ಲಕಾರಕ್ಕೂ ಳಕಾರಕ್ಕೂ ಇರುವ ಭೇದ ಆ ಗದ್ದಲದಲ್ಲಿ ಮುಳುಗಿದರೆ ಕನ್ನಡ ಕೇಳಿಸುವುದಿಲ್ಲ, ಬರೀ ರಾಗ ಕೇಳಿಸುತ್ತದೆ. "ಇಂಗ್ಲಿಷ್ ಹಾಡಿನಲ್ಲಿ ಪಲ್ಲವಿಯನ್ನು ಜನ ಮೊದಲೇ ಕಲಿತು ಬಂದಿರುತ್ತಾರೆ. ನೀವು ನಿಮ್ಮ ಊರಿನ ಹೊಸ ಹಾಡನ್ನು ಮೊದಲ ಸಲ ಕೇಳಿಸುತ್ತೀರಿ. ಅದಕ್ಕೇ ನಿಮ್ಮ ಜವಾಬ್ದಾರಿ ನಮಗಿಂತ ದೊಡ್ಡದು. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸಿಂಬಲ್ ಹೊಡೆಯಿರಿ, ಪದದ ಮೇಲೆ ಬೇಡ," ಎಂದರು. ನಮ್ಮ ಏಳಕ್ಷರದ ನಡೆಯನ್ನು ತೊಡೆಯ ಮೇಲೆ ತಟ್ಟಿ ತೋರಿಸಿದೆ. ಅವರೂ ತಟ್ಟುತ್ತ, ಮೂರಕ್ಕಿಂತ ನಾಲ್ಕನ್ನು ಸ್ವಲ್ಪ ಹಗುರ ಮಾಡಿ ನೋಡಿ ಎಂದು ಸೂಚಿಸಿದರು.

ಆ ಮಾತನ್ನು ನಾನು ಅಂದಿನಿಂದ ಮತ್ತೆ ಮತ್ತೆ ಯೋಚಿಸಿದ್ದೇನೆ. ಕನ್ನಡದಲ್ಲಿ ರಾಕ್ ಹಾಡಬಹುದೇ ಎಂಬ ಪ್ರಶ್ನೆ ಈಗ ಹಳೆಯದಾಯಿತು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರಿನೊಡನೆ ಕೇಳಿಬಂದ ಮೇಲೆ ಅದನ್ನು ಗಂಭೀರವಾಗಿ ಕೇಳುವವರೇ ಉಳಿದಿಲ್ಲ. ಇನ್ನೂ ಉಳಿದಿರುವುದು, ಆ ಕನ್ನಡ ಮೈದಾನದ ಕೊನೆಯ ಸಾಲಿನಲ್ಲಿ ನಿಂತವನಿಗೆ ಮಾತಾಗಿ ತಲುಪುತ್ತದೆಯೇ ಎಂಬುದು. ಅದು ಕವಿಯ ಅಥವಾ ಗಾಯಕರ ಹೊಣೆ ಮಾತ್ರವೆಂದು ತಿಳಿದಿರುವ ತಂಡಗಳು ಬಹಳ. ತಾಳವಾದ್ಯದವರದೂ ಅಷ್ಟೇ ಹೊಣೆ ಎಂದು ನನಗೀಗ ದೃಢವಾಗಿದೆ. ನಮ್ಮ ಗೋದಾಮಿನ ಗೋಣಿತಟ್ಟು ಸಿಂಬಲ್ಲಿನ ಸದ್ದನ್ನು ನುಂಗುತ್ತಿದ್ದುದರಿಂದ ಈ ಘರ್ಷಣೆ ಅಲ್ಲಿ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ನಾಲ್ಕೂವರೆಗೆ ನಮ್ಮ ಸರದಿ. ಅವರ ಸ್ನೇರ್, ಸಿಂಬಲ್ ಸ್ಟ್ಯಾಂಡುಗಳು ಇದ್ದ ಜಾಗವನ್ನು ಕೆಳಗಿನ ಜಮಖಾನೆಯ ಮೇಲೆ ಬಣ್ಣದ ಟೇಪಿನಿಂದ ಗುರುತು ಮಾಡಿ, ಅವನ್ನು ಸರಿಸಿ, ನನ್ನವನ್ನು ಕೂರಿಸಿದೆ. ನಮಗೆ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಪೂರ್ತಿ ಹಾಡು ನುಡಿಸದೆ, ಪ್ರತಿ ಹಾಡಿನ ಅತಿ ಗಟ್ಟಿಯಾದ ಭಾಗವನ್ನೂ ಅತಿ ಮೆಲುವಾದ ಭಾಗವನ್ನೂ ಮಾತ್ರ ನುಡಿಸಿದೆವು. ಅಣ್ಣನಿಗೆ ಬೇಕಾದದ್ದು ಆ ಎರಡು ಅಂಚುಗಳೇ. ಬಳಿಕ ವೇದಿಕೆಯ ಹಿಂದೆ ಕುಳಿತು, ಗಾಯಕಿ ಶೆಟ್ಟಿಹಳ್ಳಿಯ ಹಾಡನ್ನು ಮೆಲುದನಿಯಲ್ಲಿ ಹೇಳುತ್ತ ಹೋದಂತೆ, ಆಕೆ ಉಸಿರೆಳೆಯುವ ಪ್ರತಿಯೊಂದು ಜಾಗವನ್ನೂ ನಾನು ಕಾಗದದ ಮೇಲೆ ಗುರುತಿಸಿಕೊಂಡೆ.

ಆರೂವರೆಗೆ ಹತ್ತಿದಾಗ ಬೆಟ್ಟದ ಹಿಂದೆ ಬೆಳಕು ಇಳಿಯುತ್ತಿತ್ತು, ಮೈದಾನ ಅರ್ಧದಷ್ಟೂ ತುಂಬಿರಲಿಲ್ಲ. ಗೇಟಿನ ಬಳಿ ಸಾಲು ಉದ್ದವಾಗಿತ್ತು. ಬಂದವರು ಗೆಳೆಯರನ್ನು ಹುಡುಕುತ್ತ, ತಿಂಡಿಯ ಅಂಗಡಿಗಳ ಕಡೆ ನಡೆಯುತ್ತಿದ್ದರು. ಮುನ್ನ ನುಡಿಸುವವರಿಗೆ ಸಿಗುವ ಸಭೆ ಇದೇ. ಅದರ ಬಗ್ಗೆ ನನಗೆ ಬೇಸರವಿಲ್ಲ, ಏಕೆಂದರೆ ಹಾಗೆ ಅಡ್ಡಾಡುವವರನ್ನು ಒಬ್ಬೊಬ್ಬರನ್ನಾಗಿ ವೇದಿಕೆಯ ಕಡೆ ಮುಖ ಮಾಡಿಸುವುದೇ ನಮ್ಮ ಕೆಲಸ. ಮೊದಲ ಎರಡು ಹಾಡುಗಳನ್ನು ನಡುವೆ ಮಾತಿಲ್ಲದೆ ನುಡಿಸಿದೆವು. ಮೂರನೆಯದರ ಹೊತ್ತಿಗೆ ತಂಪೇರಿ, ಉಕ್ಕಿನ ತಂತಿಗಳು ಸಂಕುಚಿಸಿ ಗಿಟಾರಿನ ಶ್ರುತಿ ಮೇಲಕ್ಕೆ ಸರಿಯಿತು. ಇದನ್ನು ನಿರೀಕ್ಷಿಸಿದ್ದ ಗಿಟಾರ್ ವಾದಕ ಪಾದದ ಬಳಿಯ ಟ್ಯೂನರಿನಲ್ಲಿ ಸರಿಪಡಿಸಿಕೊಳ್ಳುವಷ್ಟು ಹೊತ್ತು ಬೇಸ್ ವಾದಕನೂ ನಾನೂ ನಡೆಯನ್ನು ಹಿಡಿದು ನಿಂತೆವು. ನಮ್ಮ ಸೀಮೆಯ ತಮಟೆಯವರು ಚಳಿಯಲ್ಲಿ ಚರ್ಮ ಸಡಿಲವಾದಾಗ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಪ್ಲಾಸ್ಟಿಕ್ಕಿನ ಹೊದಿಕೆಯ ನನ್ನ ಡ್ರಮ್ಮಿಗೆ ಆ ಕಷ್ಟ ಕಡಿಮೆ.

ಕೊನೆಯ ಹಾಡಿಗೆ ಮುನ್ನ ಗಾಯಕಿ ಎರಡೇ ವಾಕ್ಯ ಹೇಳಿದಳು: ಇದು ಹೇಮಾವತಿಯ ಹಿನ್ನೀರಿನ ಊರಿನ ಹಾಡು, ನನ್ನ ಅಜ್ಜಿ ಅಲ್ಲಿಯವರು. ನಾನು ಹೈ-ಹ್ಯಾಟನ್ನು ಮುಚ್ಚಿಯೇ ಇಟ್ಟೆ. ಸಿಂಬಲ್ಲುಗಳು ಆಕೆಯ ಉಸಿರಿನ ಜಾಗಗಳಲ್ಲಿ ಮಾತ್ರ ಕೇಳಿಬಂದವು. ನಾಲ್ಕನ್ನು ಹಗುರ ಮಾಡಿದಾಗ ನಡೆ ಎಷ್ಟು ಮುಂದಕ್ಕೆ ಒರಗಿತೆಂದರೆ ಬೇಸ್ ವಾದಕ ನನ್ನ ಕಡೆ ತಿರುಗಿ ಕಣ್ಣರಳಿಸಿದ. ಎರಡನೆಯ ಚರಣದಲ್ಲಿ, ಬಿಟ್ಟುಬಂದ ಮನೆಯ ಹೊಸ್ತಿಲಿನ ಸಾಲು ಬಂದಾಗ, ಅಂಗಡಿಗಳ ಕಡೆಯಿಂದ ಜನ ಮುಂದೆ ಬರತೊಡಗಿದ್ದನ್ನು ನಾನು ಕಂಡೆ. ಮಾತು ತಲುಪಿತ್ತು. ಹಾಡು ಮುಗಿದಾಗ ಬಂದ ಚಪ್ಪಾಳೆಗಿಂತ ಆ ನಡಿಗೆಯೇ ನನಗೆ ದೊಡ್ಡದು. ಏಳು ಗಂಟೆಗೆ ತುಸು ಮುನ್ನ ನಾವು ವಂದಿಸಿದಾಗ ನಮ್ಮ ಪಾಲಿನ ಹೊತ್ತಿನಲ್ಲಿ ಒಂದು ನಿಮಿಷ ಇನ್ನೂ ಉಳಿದಿತ್ತು.

ವೇದಿಕೆ ಬದಲಿಸಲು ಹದಿನೈದು ನಿಮಿಷ. ಸಿಂಬಲ್ಲುಗಳನ್ನು ಸ್ಟ್ಯಾಂಡಿನ ಮೇಲೆಯೇ ಬಿಚ್ಚುತ್ತ ಕೂರದೆ ಸ್ಟ್ಯಾಂಡುಗಳ ಸಮೇತ ಹೊತ್ತು ಹಿಂದಕ್ಕೆ ಒಯ್ದೆವು, ಬಿಚ್ಚುವುದನ್ನು ಅಲ್ಲಿ ಮಾಡಿದೆವು. ಟೇಪಿನ ಗುರುತಿನ ಮೇಲೆ ಅವರ ಸ್ಟ್ಯಾಂಡುಗಳು ಮರಳಿ ಬಂದವು. ಮುಖ್ಯ ತಂಡ ಹತ್ತಿದ ಮೇಲೆ ನಾವು ಪಕ್ಕದ ಪರದೆಯ ಬಳಿ ನಿಂತು ಕೇಳಿದೆವು. ತುಂಬಿದ ಮೈದಾನ ಅವರ ಪಲ್ಲವಿಯನ್ನು ಎತ್ತಿಕೊಂಡು ಹಾಡಿತು. ಅಂಥ ಅಬ್ಬರದಲ್ಲೂ, ಜನ ಹಾಡುವಾಗ ಅವರ ಡ್ರಮ್ಸ್ ವಾದಕರು ಜನರ ಮಾತಿಗೂ ಅದೇ ರೀತಿ ಸಿಂಬಲ್ಲನ್ನು ಮುಚ್ಚಿ ದಾರಿ ಬಿಟ್ಟರು. ಎರಡನೆಯ ಹಾಡಿನ ನಂತರ ಗಾಯಕರು ನಮ್ಮ ಹೆಸರನ್ನೂ ಹಾಸನದ ಹೆಸರನ್ನೂ ಹೇಳಿದಾಗ ನಮ್ಮ ಗಾಯಕಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಸ್ವರ ನಿಂತಿತು.

ಭಾನುವಾರ

ಗಿಟಾರ್ ವಾದಕನೂ ಗಾಯಕಿಯೂ ನಸುಕಿನಲ್ಲೇ ಮುಳ್ಳಯ್ಯನಗಿರಿಗೆ ಹೋದರು. 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರವದು. ನಾನು ಹಿಂದೆಯೇ ಹತ್ತಿದ್ದರಿಂದ ಬೇಸ್ ವಾದಕನೊಡನೆ ಮೈದಾನಕ್ಕೆ ಹೋಗಿ ಅಣ್ಣನವರ ಹುಡುಗರಿಗೆ ಕೇಬಲ್ ಸುತ್ತಲು ನೆರವಾದೆ.

ಅಲ್ಲಿಗೆ ಕಡೂರಿನ ಮೂವರು ಕಾಲೇಜು ವಿದ್ಯಾರ್ಥಿಗಳು ನಮ್ಮನ್ನು ಹುಡುಕಿಕೊಂಡು ಬಂದರು. ಅವರದೂ ಒಂದು ತಂಡವಂತೆ. ಒಬ್ಬ ಹುಡುಗ ಮೊಬೈಲಿನಲ್ಲಿ ತಮ್ಮ ಹಾಡನ್ನು ಕೇಳಿಸಿದ. ಬಯಲುಸೀಮೆಯ ಒಣ ಕೆರೆಯೊಂದರ ಮೇಲೆ ಅವನೇ ಬರೆದದ್ದು. ಗಿಟಾರಿನ ಗದ್ದಲದಲ್ಲಿ ಅರ್ಧಕ್ಕರ್ಧ ಪದಗಳು ಕೇಳಿಸಲಿಲ್ಲ, ಕೇಳಿಸಿದ ಪದಗಳು ಚೆನ್ನಾಗಿದ್ದವು. "ಸಾರ್, ನಿಮ್ಮ ಕೊನೆಯ ಹಾಡಿನ ಮಾತೆಲ್ಲ ಹಿಂದಿನವರೆಗೂ ಕೇಳ್ತು. ಅದು ಹೇಗೆ ಸಾರ್?" ಎಂದು ಅವನು ಕೇಳಿದ. ಖಾಲಿ ವೇದಿಕೆಯ ಅಂಚಿನಲ್ಲಿ ಕುಳಿತು ನಿನ್ನೆ ಮಧ್ಯಾಹ್ನ ನಾನು ಕಲಿತದ್ದನ್ನು, ಯಾರಿಂದ ಕಲಿತೆನೆಂಬುದನ್ನೂ ಸೇರಿಸಿ, ಅವರ ಡ್ರಮ್ಸ್ ಹುಡುಗನಿಗೆ ತೊಡೆಯ ಮೇಲೆ ತಟ್ಟಿ ತೋರಿಸಿದೆ. ಅವನು ಅಲ್ಲೇ ತಟ್ಟಿ ನೋಡಿದ, ಹಾಡುವ ಹುಡುಗ ಮೆಲ್ಲಗೆ ಹಾಡಿದ, ಈ ಸಲ ಕೆರೆಯ ಏರಿಯ ಸಾಲು ಸ್ಪಷ್ಟವಾಗಿ ಕೇಳಿಸಿತು.

ಯುಗಾದಿಯ ನಂತರ ಹಾಸನದಲ್ಲಿ ನಮ್ಮದೇ ಒಂದು ಚಿಕ್ಕ ಕಾರ್ಯಕ್ರಮವಿದೆ. ಬೇಸ್ ವಾದಕ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ, ಅವನೇ ಹುಡುಗರನ್ನು ಕೇಳಿದ. ನಮಗೂ ಮುನ್ನ ಮೂರು ಹಾಡು ನುಡಿಸಲು ಅವರು ಒಪ್ಪಿದರು. ಸ್ನೇರ್, ಸಿಂಬಲ್, ಪೆಡಲ್, ಸ್ಟೂಲು ನಿಮ್ಮದೇ ತನ್ನಿ, ಚಾನೆಲ್ ಪಟ್ಟಿಯನ್ನು ಒಂದು ವಾರ ಮೊದಲೇ ಕಳುಹಿಸಿ, ಧ್ವನಿ ಪರೀಕ್ಷೆಗೆ ನಮ್ಮದು ಮುಗಿದ ಮೇಲೆ ನಿಮ್ಮದು ಎಂದು ಹೇಳಿ, ಪಟ್ಟಿಯ ಮಾದರಿಯನ್ನು ಆ ಹುಡುಗನ ಮೊಬೈಲಿಗೆ ಕಳುಹಿಸಿದೆ.